‘ಮೌಲಾನಾ’ ಎಂದರೆ ಯಾರು?

ಇಶಾ ನಮಾಝಿನ ಬಳಿಕ ಯುವಕನೊಬ್ಬ ಬಳಿಗೆ ಬಂದು ಕುಳಿತ. “ಹಝ್ರತ್, ಸೂರಃ ಅಲ್ ಬಕರದ ಕೊನೆಯ ವಚನದಲ್ಲಿ ಅಲ್ಲಾಹನನ್ನೇ ‘ಮೌಲಾನಾ’ ಎನ್ನುತ್ತೇವೆ. ಮನುಷ್ಯರನ್ನು ಹಾಗೆ ಕರೆದರೆ ಶಿರ್ಕ್ ಆಗುವುದಿಲ್ಲವೇ?” ಎಂದ. ತೌಹೀದಿನ ಬಗ್ಗೆ ಅವನಿಗಿದ್ದ ಕಾಳಜಿ ನನಗೆ ಸಂತೋಷವನ್ನೇ ತಂದಿತು. ಆದರೆ ಇದೇ ಕಾರಣಕ್ಕೆ ಅವನು ಊರಿನ ವೃದ್ಧ ವಿದ್ವಾಂಸರೊಬ್ಬರಿಗೆ ಸಲಾಮ್ ಹೇಳುವುದನ್ನೇ ಬಿಟ್ಟಿದ್ದಾನೆಂದು ತಿಳಿದು ಬೇಸರವಾಯಿತು.

ಅರಬಿಯ ‘ಮೌಲಾ’ ಪದಕ್ಕೆ ಸಾಮೀಪ್ಯವೇ ಮೂಲಾರ್ಥ. ‘ನಾ’ ಎಂದರೆ ‘ನಮ್ಮ’. ಒಡೆಯ, ರಕ್ಷಕ, ಮಿತ್ರ, ಬಂಧು ಎಲ್ಲರೂ ಮೌಲಾ. ಗುಲಾಮನನ್ನು ಬಿಡುಗಡೆ ಮಾಡಿದವನೂ ಮೌಲಾ, ಬಿಡುಗಡೆ ಹೊಂದಿದವನೂ ಮೌಲಾ! ಇಮಾಮ್ ನವವಿ(ರ) ಈ ಪದಕ್ಕೆ 16 ಅರ್ಥಗಳಿವೆ ಎಂದಿದ್ದಾರೆ. ಸೂರಃ ಅನ್ನಹ್ಲ್‌ನ 76ನೇ ವಚನದಲ್ಲಿ ಗುಲಾಮನ ಯಜಮಾನನಿಗೂ ಕುರ್‌ಆನ್ ಇದೇ ಪದವನ್ನು ಬಳಸಿದೆ.

ಹಿಜ್ರಿ 7ರಲ್ಲಿ ಹಝ್ರತ್ ಹಂಝಾ(ರ)ರ ಅನಾಥ ಪುತ್ರಿಯನ್ನು ಯಾರು ಸಾಕಬೇಕೆಂದು ಅಲಿ, ಜಅ್‌ಫರ್ ಮತ್ತು ಝೈದ್(ರ)ರ ನಡುವೆ ವಾದವಾಯಿತು. ಜಅ್‌ಫರರ ಪತ್ನಿಯು ಬಾಲಕಿಯ ತಾಯಿಯ ಸಹೋದರಿಯಾದ್ದರಿಂದ ಪ್ರವಾದಿ(ಸ)ರು ಅವಳನ್ನು ಆ ಮನೆಗೇ ಒಪ್ಪಿಸಿದರು. ಬಳಿಕ ಮೂವರ ಮನಸ್ಸನ್ನೂ ಸಂತೈಸಿದರು. ಆಗ ಝೈದರನ್ನು ತಮ್ಮ ಸಹೋದರನೆಂದೂ ‘ಮೌಲಾನಾ’ ಎಂದೂ ಕರೆದರೆಂದು ಬುಖಾರಿಯಲ್ಲಿದೆ. ಝೈದರು ಯಾರು? ಬಾಲ್ಯದಲ್ಲಿ ಸಂತೆಯಲ್ಲಿ ಮಾರಾಟವಾಗಿ, ಪ್ರವಾದಿ(ಸ)ರಿಂದಲೇ ಬಿಡುಗಡೆ ಪಡೆದವರು. ಇಲ್ಲಿ ಆ ಪದ ಗದ್ದುಗೆಯಲ್ಲಿ ಕುಳಿತವರಿಗಲ್ಲ, ಗುಲಾಮಗಿರಿಯಿಂದ ಎದ್ದು ಬಂದವರಿಗೆ ಸಿಕ್ಕಿತು.

ಗುಲಾಮನು ಯಜಮಾನನನ್ನು ‘ನನ್ನ ಮೌಲಾ’ ಎನ್ನಬಾರದೆಂಬ ವರದಿಯೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ, ನಿಜ. ಎನ್ನಬಹುದೆಂಬ ವರದಿಯೂ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಮಾಮ್ ನವವಿ(ರ) ಇದರಲ್ಲಿ ದೋಷ ಕಂಡಿಲ್ಲ. ದೇವನಿಗೆ ಮಾತ್ರ ಸಲ್ಲುವ ಅರ್ಥವನ್ನು ಮನುಷ್ಯನಿಗೆ ಕೊಟ್ಟರೆ ಆ ಮಾತೇ ಬೇರೆ.

ವಿದ್ವಾಂಸರ ಬಿರುದಾಗಿ ಈ ಪದ ಬೆಳೆದದ್ದು ಪಾರ್ಸಿ ಬಲ್ಲ ನಾಡುಗಳಲ್ಲಿ. 1273ರಲ್ಲಿ ತೀರಿಕೊಂಡ ಜಲಾಲುದ್ದೀನ್ ರೂಮಿಯವರನ್ನು ತುರ್ಕರು ಇಂದಿಗೂ ‘ಮೆವ್ಲಾನಾ’ ಎನ್ನುತ್ತಾರೆ. ಮೌಲವಿ, ಮುಲ್ಲಾ ಪದಗಳೂ ಇದೇ ಬೇರಿನವು. ಮದುವೆ ಕಾಗದದಲ್ಲಿ ಹೆಸರಿನ ಹಿಂದೆ ‘ಮೌಲಾನಾ’ ಅಚ್ಚಾಗಲಿಲ್ಲವೆಂದು ಮುನಿಸಿಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಒಮ್ಮೆ ನನಗೂ ಹಾಗಾದದ್ದುಂಟು. ಇಮಾಮ್ ಮಾಲಿಕ್(ರ)ರ ಗುರು ನಾಫಿಅ್(ರ)ರನ್ನು ಹದೀಸ್ ಗ್ರಂಥಗಳು ‘ಇಬ್ನ್ ಉಮರರ ಮೌಲಾ’ ಎಂದು ಪರಿಚಯಿಸುತ್ತವೆ. ಅಂದರೆ, ಅವರು ಬಿಡುಗಡೆ ಮಾಡಿದ ಗುಲಾಮ!

ಸಹೋದರಾ, ನನ್ನನ್ನು ಹೇಗೆ ಕರೆದರೂ ಸರಿ. ನಾಳೆ ಫಜ್ರ್‌ಗೆ ಬಂದಾಗ ಆ ಹಿರಿಯರಿಗೆ ಸಲಾಮ್ ಹೇಳು.