ಹಳೆಯ ಬಾಡಿಗೆದಾರನ ಕುರಿತು ಕೇಳಿದಾಗ

ನಿಮ್ಮ ಮನೆಯಲ್ಲಿ ಕೆಲವು ವರ್ಷ ಬಾಡಿಗೆಗಿದ್ದು ಹೋದವನ ಬಗ್ಗೆ ಒಂದು ದಿನ ಅಪರಿಚಿತನೊಬ್ಬ ಫೋನ್ ಮಾಡುತ್ತಾನೆ. “ಈತ ಮೊದಲು ನಿಮ್ಮಲ್ಲಿದ್ದನಂತೆ. ಮನುಷ್ಯ ಹೇಗೆ? ಮನೆ ಕೊಡಬಹುದೇ?” ಎಂದು ಕೇಳುತ್ತಾನೆ. ನೀವು ಊಟದ ನಡುವೆಯೋ ಅಂಗಡಿಯ ಗದ್ದಲದ ನಡುವೆಯೋ ಇರುತ್ತೀರಿ. ಬಾಯಿಗೆ ಬಂದ ಒಂದು ಮಾತು ಹೇಳಿ ಮುಗಿಸುತ್ತೀರಿ. ಆ ಒಂದು ಮಾತಿನ ಮೇಲೆ ಒಂದು ಕುಟುಂಬಕ್ಕೆ ಸೂರು ಸಿಗುತ್ತದೆ ಅಥವಾ ತಪ್ಪುತ್ತದೆ.

ಬೀದರ್ ಜಿಲ್ಲೆಯ ಠಾಣಾ ಕುಶನೂರಿನಂತಹ ಊರಿನಲ್ಲಿ ಈ ಪ್ರಶ್ನೆ ಏಳುವುದೇ ಅಪರೂಪ. ಯಾರ ಮಗ, ಯಾವ ಓಣಿಯವನು ಎಂದರೆ ಸಾಕು, ಮೂರು ತಲೆಮಾರಿನ ವಿಷಯ ಹೊರಬರುತ್ತದೆ. ಆದರೆ ಓದಿಗಾಗಿ ಬೀದರಿಗೆ, ಅಲ್ಲಿಂದ ದುಡಿಮೆಗಾಗಿ ಹೈದರಾಬಾದಿಗೋ ಪುಣೆಗೋ ಹೋದವನಿಗೆ ತಂದೆಯ ಹೆಸರು ನೆರವಾಗದು. ಅದರಲ್ಲೂ ಮುಸ್ಲಿಮ್ ಹೆಸರು ಕೇಳಿದೊಡನೆ, ಖಾಲಿಯಿದ್ದ ಮನೆ “ನಿನ್ನೆಯೇ ಹೋಯಿತು” ಎನ್ನುವ ಬಡಾವಣೆಗಳು ನಮ್ಮ ನಗರಗಳಲ್ಲಿ ಕಡಿಮೆಯೇನಲ್ಲ. ಅಂಥವನ ಕೈಯಲ್ಲಿರುವ ಬಂಡವಾಳವೆಂದರೆ ಹಿಂದಿನ ಮನೆ ಮಾಲಿಕನ ಮಾತು.

ಹಝ್ರತ್ ಉಮರ್(ರ) ಅವರ ಮುಂದೆ ಒಬ್ಬನು ಇನ್ನೊಬ್ಬನನ್ನು ಒಳ್ಳೆಯವನೆಂದು ಹೊಗಳಿದಾಗ ಅವರು ಕೇಳಿದ ಪ್ರಶ್ನೆಗಳು ಪ್ರಸಿದ್ಧವಾಗಿವೆ. ನೀನು ಅವನ ನೆರೆಯವನೇ? ಅವನೊಂದಿಗೆ ಹಣದ ವ್ಯವಹಾರ ಮಾಡಿರುವೆಯಾ? ಜೊತೆಯಲ್ಲಿ ಪ್ರಯಾಣ ಮಾಡಿರುವೆಯಾ? ಎಲ್ಲದಕ್ಕೂ ಇಲ್ಲವೆಂದಾಗ, ಹಾಗಾದರೆ ನೀನು ಅವನನ್ನು ಅರಿತಿಲ್ಲ, ಮಸೀದಿಯಲ್ಲಿ ತಲೆ ಬಾಗಿಸಿ ಏಳುವುದನ್ನು ಕಂಡಿರಬೇಕು ಎಂಬ ಅರ್ಥದಲ್ಲಿ ಅವರು ಉತ್ತರಿಸಿದರೆಂದು ವರದಿಯಾಗಿದೆ. ಈಗ ಮನೆ ಮಾಲಿಕನನ್ನು ಈ ಪ್ರಶ್ನೆಗಳ ಮುಂದೆ ನಿಲ್ಲಿಸಿರಿ. ಅವನು ನೆರೆಯವನೂ ಹೌದು, ತಿಂಗಳು ತಿಂಗಳೂ ಹಣ ಎಣಿಸಿಕೊಂಡವನೂ ಹೌದು. ಅಂದರೆ ಮಸೀದಿಯ ಇಮಾಮರಿಗಿಂತಲೂ ಈ ವಿಷಯದಲ್ಲಿ ಅವನ ಸಾಕ್ಷ್ಯಕ್ಕೆ ತೂಕ ಹೆಚ್ಚು.

ಸಾಕ್ಷ್ಯವೆಂದೇ ಹೇಳಿದೆ. ಕೆಲವರು ಇದನ್ನು ಒಪ್ಪುವುದಿಲ್ಲ. “ನಮಗೇಕೆ ಬೇರೆಯವರ ಉಸಾಬರಿ, ಕೆಟ್ಟದ್ದು ಹೇಳಿದರೆ ಗೀಬತ್ ಆಗುತ್ತದೆ” ಎಂದು ಫೋನ್ ಇಟ್ಟುಬಿಡುತ್ತಾರೆ. ಪರದೂಷಣೆಯ ಭಯ ಒಳ್ಳೆಯದೇ. ಆದರೆ ಫಾತಿಮಾ ಬಿಂತಿ ಕೈಸ್(ರ) ತಮಗೆ ಬಂದ ಎರಡು ವಿವಾಹ ಪ್ರಸ್ತಾಪಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿಯವರು(ಸ) ಸುಮ್ಮನಿರಲಿಲ್ಲ. ಒಬ್ಬರು ಕೋಲನ್ನು ಹೆಗಲಿನಿಂದ ಇಳಿಸದವರು, ಇನ್ನೊಬ್ಬರು ಬಡವರು ಎಂದು ತಿಳಿಸಿ, ಉಸಾಮ(ರ) ಅವರನ್ನು ಸೂಚಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ಸಾಮಾನ್ಯವಾಗಿ ‘ಹೇಳಬಹುದು’ ಎಂಬುದಕ್ಕೆ ಮಾತ್ರ ಆಧಾರವಾಗಿ ತೋರಿಸುತ್ತಾರೆ. ಅದರಲ್ಲಿ ‘ಎಷ್ಟು’ ಎಂಬುದೂ ಇದೆ. ಸಂಸಾರಕ್ಕೆ ಸಂಬಂಧಿಸಿದ ಒಂದೊಂದೇ ಸಂಗತಿ, ಅದಕ್ಕಿಂತ ಹೆಚ್ಚಿಲ್ಲ. ಕೇಳಿದವರ ಅಗತ್ಯ ತೀರಿದಲ್ಲಿಗೆ ಮಾತು ನಿಂತಿತು.

ಇನ್ನು ಇದಕ್ಕೆ ತದ್ವಿರುದ್ಧವಾದ ಒಂದು ರೋಗವಿದೆ. ಬಾಡಿಗೆ ಕೊಡದೆ ಸತಾಯಿಸಿದವನನ್ನು ಹೇಗಾದರೂ ಸಾಗಹಾಕಲು “ಬಹಳ ಒಳ್ಳೆಯವನು, ಕಣ್ಣು ಮುಚ್ಚಿ ಕೊಡಿ” ಎನ್ನುವುದು. ಅಥವಾ ಕೇಳುವವನು ಅನ್ಯಧರ್ಮೀಯ, ಕೇಳಲ್ಪಡುವವನು ನಮ್ಮವನು, ಆದ್ದರಿಂದ ಒಂದು ಸುಳ್ಳು ಹೇಳಿದರೆ ಪುಣ್ಯವೇ ಎಂದು ಭಾವಿಸುವುದು. ಸೂರಃ ಅನ್ನಿಸಾದ 135ನೆಯ ವಚನವು ಸ್ವಂತಕ್ಕೆ, ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿರಲು ಆಜ್ಞಾಪಿಸುತ್ತದೆ. ಅಲ್ಲಿ ನಮ್ಮವನೆಂಬ ರಿಯಾಯಿತಿ ಇಲ್ಲ. ಹಾಗೆ ಸುಳ್ಳು ನಂಬಿ ಮೋಸಹೋದ ಮಾಲಿಕನು ಮುಂದೆ ಬರುವ ಹತ್ತು ಮುಸ್ಲಿಮ್ ಕುಟುಂಬಗಳಿಗೆ ಬಾಗಿಲು ಹಾಕಿದರೆ, ಆ ಬಾಗಿಲನ್ನು ಹಾಕಿದ ಕೈಗಳಲ್ಲಿ ನಿಮ್ಮದೂ ಒಂದಾಗಿರುತ್ತದೆ.

ದ್ವೇಷದ ಮಾತು ಇದಕ್ಕಿಂತ ಸೂಕ್ಷ್ಮ. ಮನೆ ಬಿಡುವಾಗ ಅಡ್ವಾನ್ಸ್ ಹಣದ ವಿಚಾರದಲ್ಲಿ ಜಗಳವಾಗಿರುತ್ತದೆ. ಸುಣ್ಣಕ್ಕೆಂದು, ನಲ್ಲಿಗೆಂದು ಮಾಲಿಕನು ಹಿಡಿದುಕೊಂಡ ಹಣವನ್ನು ಬಾಡಿಗೆದಾರ ಪ್ರಶ್ನಿಸಿರುತ್ತಾನೆ. ಮುಂದೆ ಫೋನ್ ಬಂದಾಗ ಆ ಕಹಿ ನಾಲಿಗೆಗೆ ಬರುತ್ತದೆ: “ಜಗಳಗಂಟ.” ತನ್ನ ಹಕ್ಕನ್ನು ಕೇಳಿದವನು ಜಗಳಗಂಟನೇ? ಇನ್ನೂ ಕೆಲವರು “ಅಡ್ವಾನ್ಸ್ ಬಿಟ್ಟರೆ ಒಳ್ಳೆಯ ಮಾತು ಹೇಳುತ್ತೇನೆ” ಎಂದು ಮೊದಲೇ ಸೂಚಿಸುವುದುಂಟು. ಇದು ಸಾಕ್ಷ್ಯದ ಮಾರಾಟ. ಬೇರೆ ಹೆಸರು ಇದಕ್ಕಿಲ್ಲ. ಜನರ ಮೇಲಿನ ಹಗೆಯು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಸೂರಃ ಅಲ್‌ಮಾಇದದ 8ನೆಯ ವಚನದ ತಾತ್ಪರ್ಯವನ್ನು ನಾವು ಯುದ್ಧ, ರಾಜಕೀಯಗಳಿಗೇ ಮೀಸಲಿಟ್ಟಿದ್ದೇವೆ.

ನಿಜವನ್ನೇ ಹೇಳಿಯೂ ಅನ್ಯಾಯ ಮಾಡಬಹುದು. 2020ರ ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡು ನಾಲ್ಕು ತಿಂಗಳು ಬಾಡಿಗೆ ಉಳಿಸಿಕೊಂಡವನನ್ನು ಊಹಿಸಿಕೊಳ್ಳಿರಿ. ಮರುವರ್ಷ ಅವನು ಅದನ್ನೆಲ್ಲ ತೀರಿಸಿದ. ಅವನ ಬಗ್ಗೆ “ನಾಲ್ಕು ತಿಂಗಳು ಬಾಡಿಗೆ ಕೊಟ್ಟಿರಲಿಲ್ಲ” ಎಂದಷ್ಟೇ ಹೇಳಿದರೆ ಪ್ರತಿ ಶಬ್ದವೂ ಸತ್ಯ, ಆದರೆ ಒಟ್ಟು ಮಾತು ಸುಳ್ಳು. ತೀರಿಸಿದ್ದನ್ನು ಬಿಟ್ಟು ಬಾಕಿಯನ್ನು ಹೇಳಲು ನಿಮಗೆ ಅಧಿಕಾರವಿಲ್ಲ. ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕೆಂದು ಅಲ್ಲಾಹನೇ ಆದೇಶಿಸಿರುವಾಗ, ಆ ಕಾಲಾವಕಾಶವನ್ನು ಅವನ ಕಳಂಕವಾಗಿ ನಮೂದಿಸುವುದು ಯಾವ ನ್ಯಾಯ?

ಒಂದೇ ಛಾವಣಿಯಡಿ ವಾಸಿಸುವ ಮಾಲಿಕನ ಕಿವಿಗೆ ಅನೇಕ ವಿಷಯಗಳು ಬೀಳುತ್ತವೆ: ಗಂಡ ಹೆಂಡಿರ ಮುನಿಸು, ಮಗಳ ನಿಶ್ಚಿತಾರ್ಥ ಮುರಿದದ್ದು, ಕಾಯಿಲೆ. ಮನೆ ಕೊಡುವವನಿಗೆ ಇವು ಬೇಕಿಲ್ಲ. ಹದೀಸ್ ವರದಿಗಾರರನ್ನು ಒರೆಗೆ ಹಚ್ಚುವಾಗಲೂ ಇಮಾಮ್ ಬುಖಾರಿ(ರ) ಎಷ್ಟೋ ಬಾರಿ ಕಠೋರ ಶಬ್ದ ಬಳಸದೆ ‘ಇವರ ವಿಷಯದಲ್ಲಿ ಪರಿಶೀಲನೆ ಅಗತ್ಯ’ ಎಂಬಂಥ ಮಾತಿನಲ್ಲೇ ನಿಲ್ಲಿಸಿದರು. ಪ್ರವಾದಿ ವಚನಗಳ ರಕ್ಷಣೆಗೇ ಅಷ್ಟು ಸಂಯಮ ಸಾಕಾಯಿತು. “ನಿಮಗೆ ಹೊಂದಲಿಕ್ಕಿಲ್ಲ” ಎಂಬ ಒಂದು ಸೂಚನೆಯಿಂದ ಕೆಲಸವಾಗುವುದಾದರೆ ಅಲ್ಲಿಂದ ಮುಂದಕ್ಕೆ ಹೋಗಬಾರದೆಂದು ವಿದ್ವಾಂಸರು ಹೇಳಿದ್ದಾರೆ.

ಬಾಡಿಗೆದಾರರೇ, ನಿಮಗೂ ಒಂದು ಮಾತು. ಗೆಳೆಯನ ನಂಬರ್ ಕೊಟ್ಟು “ಹಳೆಯ ಮಾಲಿಕ” ಎಂದು ಮಾತನಾಡಿಸುವ ಉಪಾಯ ಈಗ ಸಲೀಸಾಗಿಬಿಟ್ಟಿದೆ. ಅದರಲ್ಲಿ ಸುಳ್ಳು ಹೇಳುವವರು ಇಬ್ಬರು.

ಮನೆಯ ಕೀಲಿ ಹಿಂದಿರುಗಿಸುವ ದಿನವೇ ಇಬ್ಬರೂ ಕುಳಿತು ಒಂದು ಕಾಗದ ಬರೆದುಕೊಳ್ಳುವುದು ಉತ್ತಮ. ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ಇದ್ದರು, ಬಾಡಿಗೆ ಇಷ್ಟು, ವಿದ್ಯುತ್ ಬಿಲ್ ಸಂದಾಯವಾಗಿದೆ, ಬಾಕಿ ಇಲ್ಲ ಅಥವಾ ಇಷ್ಟು ಬಾಕಿ ಇದೆ ಎಂದು. ಕುರ್‌ಆನಿನ ಅತಿ ದೀರ್ಘ ವಚನವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇದೆಯಲ್ಲವೇ? ಮಾಲಿಕನು ಸಹಿ ಹಾಕುವ ಮೊದಲು ಅದನ್ನು ಬಾಡಿಗೆದಾರನಿಗೆ ಓದಿ ಹೇಳಲಿ. ಅವನ ಮುಖ ನೋಡಿ ಓದಲಾಗದ ಸಾಲೊಂದು ಅದರಲ್ಲಿದ್ದರೆ, ಅದು ಬಾಕಿಯ ಲೆಕ್ಕವೋ ತನ್ನ ಸಿಟ್ಟೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ನಾಳೆ ಫೋನ್ ಬಂದಾಗ ಆ ಕಾಗದದಲ್ಲಿರುವಷ್ಟನ್ನೇ ಹೇಳಿದರಾಯಿತು.