ಇಂದಿನ ಧಮ್ಮ ಚಿಂತನೆ: ಸಂಬಳ ಜಾಸ್ತಿ ಕೇಳಿದರೆ ತೃಷ್ಣೆಯೇ?





ಹೋದ ಭಾನುವಾರ ಕೆರೆಬಿಳಚಿಯಲ್ಲಿ ಓದು ಮುಗಿಸಿ ಟೀ ಕುಡಿಯುವಾಗ ನಮ್ಮ ತಮ್ಮನೊಬ್ಬ ಮೆಲ್ಲಗೆ ಮಾತು ತೆಗೆದ. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ. ನಾಲ್ಕು ವರ್ಷದಿಂದ ಅದೇ ಸಂಬಳ.

"ಅಣ್ಣ, ಸಾವ್ಕಾರ್ರನ್ನ ಸಂಬಳ ಜಾಸ್ತಿ ಮಾಡಿ ಅಂತ ಕೇಳಬೇಕು ಅಂತಿದೀನಿ. ಆದ್ರೆ ತೃಷ್ಣೆಯಿಂದಲೇ ದುಃಖ ಅಂತ ಇಲ್ಲಿ ಓದ್ತೀವಲ್ಲ. ಕೇಳಿದ್ರೆ ಓದಿದ್ದೆಲ್ಲ ಸುಳ್ಳಾಗಲ್ವಾ?" ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದ. "ಅದೂ ಅಲ್ದೆ, ಅವ್ವನ ಆಪರೇಷನ್‌ಗೆ ದುಡ್ಡು ಕೊಟ್ಟೋರು ಅವರೇ."

ಮೊದಲ ಮಾತಿಗೆ ಕೆಲವರು ನಕ್ಕಿದ್ದರು. ಎರಡನೆಯದಕ್ಕೆ ಎಲ್ಲರೂ ಸುಮ್ಮನಾದರು.

ಮೊದಲ ಪ್ರಶ್ನೆ ಅಷ್ಟು ಕಷ್ಟದ್ದಲ್ಲ. ಭಗವಾನ್ ಬುದ್ಧರು ಗೃಹಸ್ಥರಿಗೆ ಬರಿಗೈಯಲ್ಲಿ ಬದುಕಿ ಎಂದು ಹೇಳಲಿಲ್ಲ. ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುವಾಗ, ದುಡಿದು ಗಳಿಸಿದ್ದು ಇರುವ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ನಿಂದೆಯಿಲ್ಲದ ನಡತೆಯ ಸುಖ ಎಂದರು. ಸಂಘದ ಸಾಲದ ಕಂತು ಕಟ್ಟಲು, ತಂಗಿಯ ಕಾಲೇಜು ಫೀಸು ಕಟ್ಟಲು ದುಡಿಮೆಗೆ ತಕ್ಕ ಕೂಲಿ ಕೇಳುವವನು ಮೂರನೆಯ ಸುಖವನ್ನು ಕೇಳುತ್ತಿದ್ದಾನೆ. ಪಕ್ಕದ ಮನೆಯವನ ಬೈಕು ಕಂಡು ಹೊಟ್ಟೆ ಉರಿದು ಕೇಳಿದರೆ ಅದು ಬೇರೆ. ಯಾವುದು ಎಂದು ಅವನಿಗೇ ಗೊತ್ತಿರುತ್ತದೆ. ತೃಪ್ತಿಯ ಪಾಠವನ್ನು ಸಂಬಳ ಕೊಡುವವರು ಸಂಬಳ ತೆಗೆದುಕೊಳ್ಳುವವರಿಗೆ ಹೇಳತೊಡಗಿದಾಗ ಮಾತ್ರ ನನಗೆ ಅನುಮಾನ ಬರುತ್ತದೆ.

ಎರಡನೆಯದು ನಿಜವಾದ ಗಂಟು. ಕೃತಜ್ಞತೆ ಸಣ್ಣ ಗುಣವಲ್ಲ. ಕಷ್ಟದಲ್ಲಿ ಕೈಹಿಡಿದವರ ಮುಂದೆ ಹೋಗಿ "ಸಾಲದು" ಎನ್ನಲು ನಾಲಿಗೆ ಏಳುವುದಿಲ್ಲ.

ಅಂದು ನಾವು ದೀಘ ನಿಕಾಯದ ಸಿಗಾಲೋವಾದ ಸುತ್ತವನ್ನು ಮತ್ತೆ ತೆಗೆದೆವು. ರಾಜಗೃಹದಲ್ಲಿ ಸಿಗಾಲನೆಂಬ ಯುವಕ ಬೆಳಗ್ಗೆ ಒದ್ದೆಬಟ್ಟೆಯಲ್ಲಿ ಆರು ದಿಕ್ಕಿಗೆ ಕೈಮುಗಿಯುತ್ತಿರುತ್ತಾನೆ. ದಿಕ್ಕು ಎಂದರೆ ನಿನ್ನ ಸುತ್ತಲಿನ ಮನುಷ್ಯರು ಎಂದು ಬುದ್ಧರು ತಿಳಿಸುತ್ತಾರೆ. ಕೆಲಸದವರು ಕೆಳಗಿನ ದಿಕ್ಕು. (ಕೆಳಗೆ ಎಂಬ ಮಾತು ನಮಗೆ ಚುಚ್ಚುತ್ತದೆ, ನಿಜ. ಆದರೆ ಆ ದಿಕ್ಕಿಗೆ ಕೈಮುಗಿಯಬೇಕಾದವನು ಯಜಮಾನ ಎಂಬುದನ್ನೂ ನೋಡಿ.) ಯಜಮಾನನ ಕರ್ತವ್ಯ ಐದು: ಶಕ್ತಿಗೆ ತಕ್ಕ ಕೆಲಸ ಕೊಡುವುದು, ಊಟ ಮತ್ತು ವೇತನ ಕೊಡುವುದು, ಕಾಯಿಲೆಯಲ್ಲಿ ಆರೈಕೆ ಮಾಡುವುದು, ವಿಶೇಷ ತಿನಿಸು ಹಂಚಿಕೊಳ್ಳುವುದು, ಸಮಯಕ್ಕೆ ಬಿಡುವು ಕೊಡುವುದು.

ವೇತನ ಒಂದು, ಕಾಯಿಲೆಯ ಆರೈಕೆ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಎಣಿಸಿದ್ದಾರೆ. ಒಂದನ್ನು ಮಾಡಿದ ಮಾತ್ರಕ್ಕೆ ಇನ್ನೊಂದು ವಜಾ ಆಗುವುದಿಲ್ಲ. ನಾನು ತಮ್ಮನಿಗೆ ಅಂದೆ, "ಒಬ್ಬರ ಖಾತೆಯ ಜಮಾ ಇನ್ನೊಬ್ಬರ ಖಾತೆಗೆ ಬರೆದರೆ ತಪ್ಪು ಅಂತ ನೀನೇ ಹೇಳ್ತೀಯಲ್ಲಪ್ಪ. ಅವ್ವನಿಗೆ ಕೊಟ್ಟಿದ್ದು ಸಾಲವಾದರೆ ಸಾಲದ ಪುಟದಲ್ಲಿ ತೀರಿಸು. ಪ್ರೀತಿಯಿಂದ ಕೊಟ್ಟಿದ್ದಾದರೆ ಅವರ ಮನೆಯ ಕಷ್ಟಕ್ಕೆ ಮೊದಲು ಓಡಿ ಹೋಗು. ಸಂಬಳದ ಪುಟವೇ ಬೇರೆ."

ಅದೇ ದೀಘ ನಿಕಾಯದ ಕೂಟದಂತ ಸುತ್ತದಲ್ಲಿ ಕಳ್ಳಕಾಕರ ಕಾಟಕ್ಕೆ ಶಿಕ್ಷೆ ಮದ್ದಲ್ಲ, ರೈತನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ನೌಕರನಿಗೆ ಊಟ ಮತ್ತು ವೇತನ ಕೊಡು ಎಂದು ಪುರೋಹಿತ ರಾಜನಿಗೆ ಹೇಳುತ್ತಾನೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ಕನಿಷ್ಠ ವೇತನದ ಮಸೂದೆಯನ್ನು 1946ರಲ್ಲಿ ಮಂಡಿಸಿದವರು ಅವರೇ. ಅದು 1948ರಲ್ಲಿ ಕಾಯ್ದೆಯಾಯಿತು. ಕೂಲಿಯನ್ನು ಧಣಿಯ ದಯೆಗೆ ಬಿಡಬಾರದು ಎಂಬುದೇ ಅದರ ತಿರುಳು.

ಇನ್ನು ಹೇಗೆ ಕೇಳುವುದು? ಅಂಗುತ್ತರ ನಿಕಾಯದಲ್ಲಿ ಒಳ್ಳೆಯ ಮಾತಿಗೆ ಐದು ಲಕ್ಷಣ ಹೇಳಿದೆ: ಸಮಯಕ್ಕೆ ಸರಿಯಾಗಿರಬೇಕು, ಸತ್ಯವಾಗಿರಬೇಕು, ಮೃದುವಾಗಿರಬೇಕು, ಪ್ರಯೋಜನವಾಗಬೇಕು, ಮೈತ್ರಿಯಿಂದ ಬರಬೇಕು. ಲಾರಿ ಲೋಡಾಗುವ ಹೊತ್ತಿನಲ್ಲಿ, ಹಮಾಲರ ಮುಂದೆ ಕೇಳಬೇಡ ಎಂದೆವು. ಸತ್ಯದ ವಿಷಯದಲ್ಲಿ ನನ್ನದೇ ತಪ್ಪೊಂದಿದೆ. ಹಿಂದೆ ಅಂಗಡಿಯೊಂದರಲ್ಲಿದ್ದಾಗ, ಬೇರೆ ಕಡೆ ಕರೆಯುತ್ತಿದ್ದಾರೆ ಎಂದು ಸುಳ್ಳು ಹೇಳಿ ಐನೂರು ರೂಪಾಯಿ ಏರಿಸಿಕೊಂಡೆ. ಆಮೇಲೆ ಯಜಮಾನರು "ಅವರು ಮತ್ತೆ ಕರೆದರೇನಪ್ಪ?" ಎಂದು ಕೇಳಿದಾಗಲೆಲ್ಲ ಇನ್ನೊಂದು ಸುಳ್ಳು ಹುಡುಕಬೇಕಾಯಿತು. ಆ ಐನೂರು ರೂಪಾಯಿ ಎಂದೂ ನೆಮ್ಮದಿಯಿಂದ ಖರ್ಚಾಗಲಿಲ್ಲ. ಇಲ್ಲ ಅಂದುಬಿಟ್ಟರೆ? ಬೇರೆ ಕೆಲಸ ನೋಡಿಕೊಳ್ಳಬಹುದು. ಹೇಳಿ, ಲೆಕ್ಕ ಒಪ್ಪಿಸಿ ಹೋಗುವುದು ದ್ರೋಹವಲ್ಲ.

ಇಷ್ಟಾಗುವಾಗ, ಬಾಗಿಲ ಬಳಿ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು. ಪ್ರತಿ ಸುಗ್ಗಿಯಲ್ಲೂ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿದು ಬೆರಳು ಕಪ್ಪಾದವರು. "ಅವನ ಸಾವ್ಕಾರ್ರ ಮಾತು ಆಯ್ತು. ಇಲ್ಲೂ ತೋಟ ಇರೋರು ಇದೀರಲ್ಲ. ಅಡಿಕೆಗೆ ಕ್ವಿಂಟಲಿಗೆ ಐವತ್ತು ಸಾವಿರ ದಾಟಿದಾಗ ಸುಲಿಯೋರ ಕೂಲಿ ಎಷ್ಟು ಏರಿಸಿದ್ರಿ?"

ನನಗೂ ಮುಕ್ಕಾಲು ಎಕರೆ ತೋಟವಿದೆ. ಧಾರಣೆ ಇಳಿದಾಗ ಕೂಲಿ ಇಳಿಸಿದ್ದೀರಾ, ಇಲ್ಲವಲ್ಲ ಎಂದು ವಾದ ಮಾಡಬಹುದಿತ್ತು, ಗೊಬ್ಬರದ ರೇಟು ಹೇಳಬಹುದಿತ್ತು. ಬಾಯಿಗೆ ಬಂದಿದ್ದೂ ಅದೇ. ಆದರೆ ಆಗಷ್ಟೇ ಓದಿದ ಪುಟ ಕೈಯಲ್ಲೇ ತೆರೆದಿತ್ತು. ಸುಲಿಯುವವರು ಇದುವರೆಗೆ ನನ್ನನ್ನು ಜಾಸ್ತಿ ಕೇಳಿಲ್ಲ. ಕೇಳದಿದ್ದುದನ್ನು ನಾನು ತೃಪ್ತಿ ಅಂದುಕೊಂಡಿದ್ದೆ.

ತಮ್ಮ ಗುರುವಾರ ಸಂಜೆ ಮಂಡಿ ಬಾಗಿಲು ಹಾಕುವ ಹೊತ್ತಿಗೆ ಕೇಳುತ್ತಾನಂತೆ. ತೋಟ ಇರುವ ನಾವು ಮೂವರು ಈ ಸಲದ ಸುಲಿಯುವ ಕೂಲಿ ಎಷ್ಟೆಂದು ಭಾನುವಾರ ಅಜ್ಜಿಯ ಮುಂದೆಯೇ ಹೇಳುವುದೆಂದು ಒಪ್ಪಿದ್ದೇವೆ. ಓದು ಎಂದಿನಂತೆ ಬೆಳಗ್ಗೆ ಹತ್ತಕ್ಕೆ.