ನಷ್ಟವೋ, ಬಾಕಿಯೋ?

ಕೊರೋನಾ ಇಳಿದ ಮೇಲೆ ಸರ್ಕಾರಿ ಕಾಗದಗಳಲ್ಲಿ ಒಂದು ಮಾತು ಓಡಾಡತೊಡಗಿತು: 'ಕಲಿಕಾ ನಷ್ಟ'. ಸುತ್ತೋಲೆಯಲ್ಲಿ ಅದೇ, ತರಬೇತಿಯಲ್ಲಿ ಅದೇ, ಕಡೆಗೆ ನಮ್ಮ ಮೇಷ್ಟ್ರುಗಳ ಬಾಯಲ್ಲೂ ಅದೇ. ಮಳೆ ಹೆಚ್ಚಾಗಿ ರಾಗಿ ತೆನೆ ಮೊಳಕೆ ಬಂದರೆ ನಷ್ಟ. ಸಿಡಿಲು ಬಡಿದು ಎಮ್ಮೆ ಸತ್ತರೆ ನಷ್ಟ. ನಷ್ಟ ಎಂದರೆ ತಾನಾಗಿ ಆದದ್ದು, ಯಾರೂ ಮಾಡಿದ್ದಲ್ಲ. ಅನುಭವಿಸಿದವನು ಇರುತ್ತಾನೆ, ಹೊಣೆಗಾರ ಇರುವುದಿಲ್ಲ. ನಾವು ಕೇಳಬೇಕೆಂದಿರುವುದು ಇಷ್ಟೆ. ಶಾಲೆಗೆ ಬೀಗ ಬಿದ್ದು ಕೇರಿಯ ಮಕ್ಕಳ ಕೈಯಿಂದ ಅಕ್ಷರ ಜಾರಿಹೋಯಿತಲ್ಲ, ಅದು ನಷ್ಟವೋ ಅಥವಾ ಬಾಕಿಯೋ? ಬಾಕಿಯಾದರೆ ತೀರಿಸಬೇಕಾದವರು ಯಾರು?

ಮೊದಲು ತಾರೀಕುಗಳನ್ನು ಸಾಲಾಗಿ ಇಟ್ಟು ನೋಡೋಣ. 2020ರ ಮಾರ್ಚ್ ತಿಂಗಳ ನಡುವೆ ಕರ್ನಾಟಕದ ಶಾಲೆಗಳು ಮುಚ್ಚಿದವು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಮುಚ್ಚಿತು. ಮೇ 4ಕ್ಕೆ ರಾಜ್ಯದಲ್ಲಿ ಹೆಂಡದಂಗಡಿಗಳು ತೆರೆದವು. ಅಕ್ಟೋಬರಿನಲ್ಲಿ ಸಿನಿಮಾ ಮಂದಿರಗಳು ತೆರೆದವು. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯ್ತಿ ಚುನಾವಣೆ ನಡೆಯಿತು. ಹಳ್ಳಿಯಲ್ಲಿ ಮತಗಟ್ಟೆ ಅಂದರೆ ಎಲ್ಲಿ? ಶಾಲೆಯ ಕೋಣೆಯೇ ತಾನೆ? ಅಪ್ಪ ಅವ್ವ ಬೆರಳಿಗೆ ಶಾಯಿ ಹಾಕಿಸಿಕೊಳ್ಳಲು ಹೋಗಬಹುದಾದ ಕೋಣೆಗೆ ಮಗು ಸ್ಲೇಟು ಹಿಡಿದು ಹೋಗುವಂತಿರಲಿಲ್ಲ. 2021ರ ಜನವರಿಯಲ್ಲಿ ಹತ್ತನೆಯವರಿಗೆ, ಫೆಬ್ರವರಿ 22ಕ್ಕೆ ಆರರಿಂದ ಎಂಟರವರಿಗೆ ಶಾಲೆ ತೆರೆಯಿತು. ಎರಡನೆಯ ಅಲೆ ಬಂದು ಮತ್ತೆ ಬೀಗ. ಆಗಸ್ಟ್ 23ಕ್ಕೆ ಒಂಬತ್ತು, ಹತ್ತು. ಸೆಪ್ಟೆಂಬರ್ 6ಕ್ಕೆ ಆರು, ಏಳು, ಎಂಟು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಬೆರಳು ಮಡಚಿ ಎಣಿಸಿ: ಹತ್ತೊಂಬತ್ತು ತಿಂಗಳು. ಅಷ್ಟರಲ್ಲಿ ಅ ಆ ಇ ಈ ಕಲಿತ ಮಗು ಅದನ್ನು ಮರೆತೂ ಆಗಿತ್ತು.

ಮೊದಲು ಮುಚ್ಚಿದ್ದು ತಪ್ಪು ಎಂದು ನಾವು ಹೇಳುತ್ತಿಲ್ಲ. ರೋಗದ ಮುಖ ಯಾರಿಗೂ ಗೊತ್ತಿರಲಿಲ್ಲ. ಜೀವ ಇದ್ದರೆ ತಾನೆ ಅಕ್ಷರ? ಒಂದೇ ಕೋಣೆಯಲ್ಲಿ ಏಳು ಜನ ಮಲಗುವ ಮನೆಗಳಿರುವ ಕೇರಿಗೆ ರೋಗ ಹೊಕ್ಕಿದ್ದರೆ ನೀರಿಗೂ ದಿಕ್ಕಿರುತ್ತಿರಲಿಲ್ಲ, ಅದೂ ನಿಜ. ಆದರೆ ಮುಚ್ಚುವುದಕ್ಕೆ ಜೀವದ ಹೆಸರು ಹೇಳಿದವರು ತೆರೆಯುವಾಗ ಯಾವ ಹೆಸರು ಹೇಳಿದರು? ಬೊಕ್ಕಸದ ಹೆಸರು. ಮದ್ಯದ ತೆರಿಗೆ ನಿಂತರೆ ಸರ್ಕಾರಕ್ಕೆ ಸಂಜೆಯೇ ಗೊತ್ತಾಗುತ್ತದೆ. ಮೂರನೆಯ ತರಗತಿ ನಿಂತರೆ ಗೊತ್ತಾಗುವುದು ಇಪ್ಪತ್ತು ವರ್ಷದ ಮೇಲೆ, ಅದೂ ಬೇರೆಯವರ ಮನೆಯಲ್ಲಿ. ಹೆಂಡದಂಗಡಿ ಬೇಡ, ಶಾಲೆ ಕೊಡಿ, ಹಾಸ್ಟೆಲು ಕೊಡಿ ಎಂದು ಹಳ್ಳಿ ಹಳ್ಳಿ ತಿರುಗಿ ಗಂಟಲು ಹರಿದುಕೊಂಡ ಚಳವಳಿ ನಮ್ಮದು. ನಾಲ್ಕೈದು ದಶಕ ಕಳೆದ ಮೇಲೆ ಸರ್ಕಾರ ಯಾವುದನ್ನು ಮೊದಲು ತೆರೆಯಿತು ನೋಡಿ. ಇನ್ನೂ ಒಂದು ಮಾತು. ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ವಿವೇಕ, ಸಣ್ಣ ಮಕ್ಕಳು ಈ ರೋಗವನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರೇ 2021ರ ಜುಲೈನಲ್ಲಿ ಹೇಳಿದ್ದರು. ನಮ್ಮಲ್ಲಿ ಏಣಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಪರೀಕ್ಷೆಗೆ ಕೂರುವವನು ಲೆಕ್ಕಕ್ಕೆ ಬಂದ. ಇನ್ನೂ ಓದಲು ಕಲಿಯುತ್ತಿದ್ದವನು ಬರಲಿಲ್ಲ.

ಬೀಗಕ್ಕೆ ಜಾತಿಯಿಲ್ಲ, ಎಲ್ಲ ಶಾಲೆಗಳನ್ನೂ ಒಂದೇ ದಿನ ಮುಚ್ಚಿದೆವು, ಇದರಲ್ಲಿ ಭೇದ ಎಲ್ಲಿಂದ ಬಂತು ಅಂತಾರೆ. ಇದು ನೋಡಲು ನ್ಯಾಯದ ಹಾಗೇ ಇದೆ. ಎಲ್ಲರಿಗೂ ಒಂದೇ ಕಾನೂನು. ಆದರೆ ಮನೆಯಲ್ಲಿ ಬಾವಿ ಇರುವವನಿಗೂ ಇಲ್ಲದವನಿಗೂ ಒಂದೇ ದಿನ ಊರ ಕೆರೆ ಮುಚ್ಚಿದರೆ ಅದು ಸಮಾನತೆಯೇ? 'ಮನೆಯೇ ಮೊದಲ ಪಾಠಶಾಲೆ' ಎಂಬ ಗಾದೆಯನ್ನು ನಮ್ಮ ಶಾಲೆಗಳ ಗೋಡೆ ಮೇಲೆಲ್ಲ ಬರೆಸಿದ್ದಾರೆ. ಯಾರ ಮನೆ? ಅಜ್ಜ ಪೇಪರು ಓದುವ ಮನೆ, ಅಮ್ಮ ಹೋಂವರ್ಕ್ ಮಾಡಿಸುವ ಮನೆ, ಪಠ್ಯಪುಸ್ತಕದ ಕನ್ನಡವನ್ನೇ ಊಟಕ್ಕೆ ಕೂತಾಗಲೂ ಆಡುವ ಮನೆ. ಅಂಥ ಮನೆಯ ಮಗುವಿಗೆ ಎರಡು ಶಾಲೆಗಳಿದ್ದವು. ಒಂದು ಮುಚ್ಚಿದರೆ ಇನ್ನೊಂದು ನಡೆಯಿತು. ನಮ್ಮ ಮಗುವಿಗಿದ್ದದ್ದು ಒಂದೇ. ಕೂಲಿ ಅವ್ವ ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಆಕೆ ಗುರುವಲ್ಲವೆಂದಲ್ಲ. ಕಳೆ ಯಾವುದು ಪೈರು ಯಾವುದು ಎಂದು ಆಕೆ ಕಲಿಸಿದ್ದನ್ನು ಯಾವ ಪರೀಕ್ಷೆಯೂ ಕೇಳುವುದಿಲ್ಲ, ಅಷ್ಟೆ.

ಶಾಲೆಯನ್ನು ಹೊಗಳುವ ಅಭ್ಯಾಸ ನಮಗಿಲ್ಲ. ಬಾಬಾಸಾಹೇಬರು ಸಾತಾರದ ಶಾಲೆಗೆ ಮನೆಯಿಂದಲೇ ಗೋಣಿತಟ್ಟು ಹೊತ್ತುಕೊಂಡು ಹೋಗುತ್ತಿದ್ದರು. ಜವಾನ ಎತ್ತರದಿಂದ ನೀರು ಹುಯ್ದರೆ ನೀರು, ಅವನು ಬರದಿದ್ದರೆ ಬಾಯಾರಿಕೆ. ಆ ಶಾಲೆ ಇಂದಿಗೂ ಪೂರ್ತಿ ಸತ್ತಿಲ್ಲ. ಕಸ ಗುಡಿಸಲು ಯಾರ ಮಗಳನ್ನು ಕರೆಯುತ್ತಾರೆ ಎಂಬುದು ಓದುಗರಿಗೆ ಗೊತ್ತು. ಆದರೂ ಇಡೀ ಊರಿನಲ್ಲಿ ಕೇರಿಯ ಮಗು ಯಾರನ್ನೂ ಕೇಳದೆ, ಯಾರ ಋಣಕ್ಕೂ ಬೀಳದೆ, ತನ್ನದೆಂದು ಒಳಗೆ ಹೋಗಬಹುದಾದ ಕಟ್ಟಡ ಅದೊಂದೇ. ಅಲ್ಲಿಯ ಹಾಜರಿ ಪುಸ್ತಕದಲ್ಲಿ ಗೌಡರ ಮಗನ ಹೆಸರಿನ ಮೇಲೋ ಕೆಳಗೋ ಅದರ ಹೆಸರೂ ಇರುತ್ತದೆ. ಮಧ್ಯಾಹ್ನ ಸಾಲಾಗಿ ಕೂತು ಉಣ್ಣುವ ಅನ್ನವೂ ಹಾಗೆಯೇ. 2002ರಲ್ಲಿ ಕರ್ನಾಟಕದಲ್ಲಿ ಅಕ್ಷರ ದಾಸೋಹ ಶುರುವಾದಾಗ ಅದು ಬರೀ ಹೊಟ್ಟೆಯ ಮಾತಾಗಿರಲಿಲ್ಲ, ಪಂಕ್ತಿಯ ಮಾತೂ ಆಗಿತ್ತು. ಶಾಲೆ ಮುಚ್ಚಿದಾಗ ಅಕ್ಕಿ ಬೇಳೆ ಮನೆಗೆ ಕೊಟ್ಟರು, ಅದೂ ತಡವಾಗಿ. ಅಕ್ಕಿಯನ್ನು ಚೀಲದಲ್ಲಿ ತುಂಬಿ ಕಳಿಸಬಹುದು. ಪಂಕ್ತಿಯನ್ನು ಹೇಗೆ ಕಳಿಸುತ್ತಾರೆ? ಮಕ್ಕಳು ಸೊರಗಿ ಹಿಂದಕ್ಕೆ ಬಂದ ಮೇಲೆ, 2021ರ ಡಿಸೆಂಬರಿನಲ್ಲಿ, ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಮೊಟ್ಟೆ ಕೊಡತೊಡಗಿದರೆ, ಮಠಾಧೀಶರು ಎದ್ದು ಕೂತರು! ಹತ್ತೊಂಬತ್ತು ತಿಂಗಳು ತಟ್ಟೆ ಬರಿದಾಗಿದ್ದಾಗ ಆ ಪೀಠಗಳಿಂದ ಇಷ್ಟು ದೊಡ್ಡ ದನಿ ಬಂದದ್ದು ನಮಗೆ ಕೇಳಿಸಲಿಲ್ಲ.

ಆ ದಿನಗಳಲ್ಲಿ 'ಸಾಮಾಜಿಕ ಅಂತರ ಕಾಪಾಡಿ' ಎಂದು ಗೋಡೆ ಗೋಡೆಗೆ ಬರೆದರು. ರೋಗಕ್ಕೆ ಬೇಕಿದ್ದದ್ದು ಮೈಗಳ ನಡುವಿನ ಅಂತರ. ಇಂಗ್ಲಿಷಿನಿಂದ ಇಳಿಸಿಕೊಂಡ ಮಾತಿರಬಹುದು, ಆದರೆ ನಮ್ಮೂರುಗಳಲ್ಲಿ ಅದರ ಅರ್ಥವನ್ನು ಯಾರಿಗೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ.

ಫೋನಿನ ವಿಚಾರಕ್ಕೆ ಬರೋಣ. 2020ರ ಜೂನ್‌ನಲ್ಲಿ ಸಣ್ಣ ತರಗತಿಗಳಿಗೆ ಆನ್‌ಲೈನ್ ಪಾಠ ಕೂಡದೆಂದು ಸರ್ಕಾರ ಆಜ್ಞೆ ಮಾಡಿತು. ಅದರ ವಿರುದ್ಧ ಪೋಷಕರು ಹೈಕೋರ್ಟಿಗೆ ಹೋದರು. ಜುಲೈ 8ಕ್ಕೆ ತಡೆಯಾಜ್ಞೆ ಸಿಕ್ಕಿತು. ಶಿಕ್ಷಣ ಮಕ್ಕಳ ಮೂಲಭೂತ ಹಕ್ಕು, ಅದನ್ನು ಹೀಗೆ ತಡೆಯಲಾಗದು ಎಂಬುದು ಅದರ ತಿರುಳು. ನಮಗೆ ಆ ಮಕ್ಕಳ ಮೇಲೆ ಹೊಟ್ಟೆಕಿಚ್ಚಿಲ್ಲ, ಅವರು ಕಲಿಯಲಿ. ಆದರೆ ಅದೇ ಸಂವಿಧಾನದ ಅದೇ 21ಎ ಕಲಮು ಗುಡಿಸಲಿನ ಮಗುವಿಗೂ ಬರೆದದ್ದಲ್ಲವೆ? ಕೆಲವೇ ವಾರಗಳಲ್ಲಿ ಒಂದು ವರ್ಗದ ಹಕ್ಕು ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಮನೆ ತಲುಪಿತು. ಇನ್ನೊಂದು ವರ್ಗದ ಹಕ್ಕು ನೆಟ್‌ವರ್ಕ್ ಹುಡುಕುತ್ತ ಮರ ಹತ್ತಿ ಕೂತಿತ್ತು. 2021ರ ಆಗಸ್ಟಿನಲ್ಲಿ ಕರ್ನಾಟಕವೂ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಬಡವರ ಮನೆಗಳ ಸುಮಾರು 1,400 ಮಕ್ಕಳನ್ನು ಕಂಡು ಮಾಡಿದ ಒಂದು ಸಮೀಕ್ಷೆಯಿದೆ. ಅರ್ಥಶಾಸ್ತ್ರಜ್ಞ ಜ್ಯಾಂ ಡ್ರೇಜ್ ಮತ್ತು ಅವರ ಸಂಗಡಿಗರು ಮಾಡಿದ್ದು. ಹಳ್ಳಿಯ ಇಂಥ ಮಕ್ಕಳಲ್ಲಿ ಆನ್‌ಲೈನ್‌ನಲ್ಲಿ ಕ್ರಮವಾಗಿ ಓದುತ್ತಿದ್ದವರು ನೂರಕ್ಕೆ 8. ಏನನ್ನೂ ಓದದೇ ಇದ್ದವರು ನೂರಕ್ಕೆ 37. ಹಳ್ಳಿಯ ದಲಿತ ಆದಿವಾಸಿ ಮಕ್ಕಳನ್ನೇ ಬೇರೆ ತೆಗೆದು ನೋಡಿದರೆ ಆ 8 ಕೂಡ 4ಕ್ಕೆ ಇಳಿಯುತ್ತದೆ. ಬಡತನದ ಒಳಗೂ ಜಾತಿ ಗೆರೆ ಎಳೆದಿರುತ್ತದೆ ಎಂದರೆ ನಂಬದ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರು ಈ ಅಂಕಿ ನೋಡಲಿ. ಇದ್ದ ಒಂದು ಫೋನು ಕೂಲಿಗೆ ಹೋದ ಅಪ್ಪನ ಜೇಬಿನಲ್ಲಿ. ಸಂಜೆ ಅದು ಮನೆಗೆ ಬಂದರೆ ಮೊದಲು ಮಗನಿಗೆ, ಪಾತ್ರೆ ತೊಳೆದಾದ ಮೇಲೆ ಬ್ಯಾಟರಿ ಉಳಿದಿದ್ದರೆ ಮಗಳಿಗೆ.

2020ರ ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಮಕ್ಕಳನ್ನು ಮೂರು ಗುಂಪು ಮಾಡಿದರು: ಇಂಟರ್‌ನೆಟ್ ಇರುವ ಫೋನಿನವರು, ಸಾದಾ ಫೋನಿನವರು, ಏನೂ ಇಲ್ಲದವರು. ಕಾಗದದ ಮೇಲೆ ಇದು ಅನುಕೂಲದ ವಿಂಗಡಣೆ. ಮೂರನೆಯ ಗುಂಪಿನಲ್ಲಿ ಯಾರಿದ್ದರೆಂದು ಮೇಷ್ಟ್ರಿಗೆ ಹೆಸರು ಕೂಗದೆಯೇ ಗೊತ್ತಿತ್ತು. ಆದರೂ ವಿದ್ಯಾಗಮವನ್ನು ನಾವು ಬೈಯುವುದಿಲ್ಲ. ಆ ಹೊತ್ತಿನಲ್ಲಿ ಸರ್ಕಾರ ಮಾಡಿದ್ದರಲ್ಲಿ ಮಗುವಿನ ಬಳಿಗೆ ನಡೆದುಕೊಂಡು ಹೋದದ್ದು ಅದೊಂದೇ. ಮೇಷ್ಟ್ರುಗಳು ಬಿಸಿಲಲ್ಲಿ ವಠಾರ ವಠಾರಕ್ಕೆ ತಿರುಗಿದರು. ಸೋಂಕು ತಗುಲಿ ಸತ್ತವರೂ ಇದ್ದಾರೆ. ಆದರೆ ಪಾಠ ಎಲ್ಲಿ? ಮರದಡಿ, ಸಮುದಾಯ ಭವನ, ಗುಡಿ ಜಗಲಿ. ಗುಡಿ ಜಗಲಿ ಎಂದು ಆದೇಶ ಬರೆಯುವವರಿಗೆ ಜಗಲಿಯೆಂದರೆ ಬರೀ ಕಲ್ಲು. ಅದರ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ನಿಲ್ಲಬೇಕು ಎಂಬುದು ಕಲ್ಲಿಗೆ ಗೊತ್ತು. ಶಾಲೆಯ ಕೋಣೆ ಎಷ್ಟು ಸೋರಿದರೂ ಸಂವಿಧಾನದ ಜಾಗ. ಜಗಲಿ ಊರಿನ ಜಾಗ. ಕೋಣೆಯಿಂದ ಪಾಠವನ್ನು ಹೊರಗೆ ತಂದ ಕೂಡಲೇ ಅದು ಊರಿನ ಕಟ್ಟಳೆಯೊಳಕ್ಕೆ ಬರುತ್ತದೆ. ಅಕ್ಟೋಬರಿನಲ್ಲಿ ಸೋಂಕಿನ ಸುದ್ದಿಯಿಂದ ಅದನ್ನೂ ನಿಲ್ಲಿಸಿದರು.

ಆಮೇಲಿನದು ಎಲ್ಲರೂ ಕಂಡದ್ದೇ. ಹುಡುಗರು ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು, ಗ್ಯಾರೇಜಿಗೆ, ಇಟ್ಟಿಗೆ ಗೂಡಿಗೆ ಹೋದರು. ಹತ್ತು ಜನರನ್ನು ಕರೆದು ಮಾಡಬೇಕಾದ ಮದುವೆ ಐವತ್ತು ಜನರ ಮಿತಿಯ ಕಾಲದಲ್ಲಿ ಅಗ್ಗವಾಯಿತು. ಇಸ್ಕೂಲೂ ಇಲ್ಲ, ಮನೇಲಿ ಇಟ್ಕೊಂಡು ಏನ್ಮಾಡೋದು ಅಂದರು. ಹೈಸ್ಕೂಲು ಮೆಟ್ಟಿಲು ತುಳಿಯಬೇಕಾದ ಹುಡುಗಿಯ ಕೊರಳಿಗೆ ತಾಳಿ ಬಿತ್ತು. ಹಾಸ್ಟೆಲುಗಳೂ ವಸತಿ ಶಾಲೆಗಳೂ ಕ್ವಾರಂಟೈನ್ ಕೇಂದ್ರಗಳಾಗಿದ್ದವು. ಕಾಡುವ ಮನೆಯಿಂದ ತಪ್ಪಿಸಿಕೊಳ್ಳಲು ಹುಡುಗಿಗಿದ್ದ ಒಂದೇ ದಾರಿ ಆ ಹಾಸ್ಟೆಲು.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇವೆ. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ 'ಕಡ್ಡಾಯ' ಎಂಬ ಮಾತಿದೆ. ಕಡ್ಡಾಯ ಯಾರಿಗೆ? ಮಗುವಿಗೆ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಕಾಯಿದೆಯೇ ಬಿಡಿಸಿ ಹೇಳುತ್ತದೆ: ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವನ್ನು ಸೇರಿಸಿ, ಹಾಜರಿ ಇರುವಂತೆ ನೋಡಿ, ಓದು ಮುಗಿಸುವಂತೆ ಮಾಡುವ ಹೊಣೆ ಸರ್ಕಾರದ್ದು. ಹೊಣೆ ಹೊತ್ತವನು ಕೊಡದೇ ಹೋದರೆ ಅದಕ್ಕೆ ಲೋಕದ ಭಾಷೆಯಲ್ಲಿ ನಷ್ಟ ಎನ್ನುವುದಿಲ್ಲ. ರೋಗ ಬಂದದ್ದು ಯಾರ ತಪ್ಪೂ ಅಲ್ಲ, ಆದ್ದರಿಂದ ಸರ್ಕಾರ ಏನನ್ನೂ ಕೊಡಬೇಕಾಗಿಲ್ಲ ಎಂದು ವಾದಿಸುವವರಿದ್ದಾರೆ. ಬರ ಬಂದದ್ದು ರೈತನ ತಪ್ಪೇ? ಬರ ಬಂತೆಂದು ಸಾಹುಕಾರ ಸಾಲ ಬಿಟ್ಟನೆ? ಅಪ್ಪ ತಂದ ಇನ್ನೂರು ರೂಪಾಯಿಗೆ ಮಗ, ಮಗನ ಮಗ ಜೀತ ಗೇಯ್ದರು. ಜೀತದ ಲೆಕ್ಕ 1976ರ ಕಾಯಿದೆ ಬರುವವರೆಗೂ, ಬಂದ ಮೇಲೂ, ಒಂದು ದಿನ ತಪ್ಪಲಿಲ್ಲ. ನಾವು ಕೊಡಬೇಕಾದಾಗ ತಲೆಮಾರು ದಾಟಿ ಬರುವ ಲೆಕ್ಕ, ನಮಗೆ ಬರಬೇಕಾದಾಗ ಒಂದೇ ವರ್ಷಕ್ಕೆ ಚುಕ್ತಾ! 2022-23ನ್ನು ಕಲಿಕಾ ಚೇತರಿಕೆಯ ವರ್ಷವೆಂದರು, ಹಾಳೆ ಹಂಚಿದರು, ಮುಂದಿನ ವರ್ಷ ಹಳೆಯ ಪಾಠಕ್ಕೆ ಹೋದರು. ಅದಕ್ಕೂ ಮೊದಲು 2021ರಲ್ಲಿ ಹತ್ತನೆಯ ತರಗತಿಯಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಪಾಸು ಮಾಡಿದ್ದರು. ಆ ಗಳಿಗೆಗೆ ಅದು ಕರುಣೆ. ಆದರೆ ಓದಲು ಬಾರದ ಹುಡುಗನ ಕೈಗೆ ಪಾಸಾದ ಕಾಗದ ಕೊಡುವುದು ಸಾಲವನ್ನು ಖೋಟಾ ನಾಣ್ಯದಲ್ಲಿ ತೀರಿಸಿದ ಹಾಗೆ. ಅಂಗಡಿಗೆ ಹೋದ ದಿನ ಅದು ನಡೆಯುವುದಿಲ್ಲ.

ಫುಲೆಯವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಕೇಳಿದ್ದೂ ಇದೇ ಲೆಕ್ಕ. ರೈತ ಬೆವರು ಸುರಿಸಿ ಕಟ್ಟಿದ ಕಂದಾಯ ಮೇಲ್ಜಾತಿಯವರ ಕಾಲೇಜಿಗೆ ಹೋಗುತ್ತದೆ, ರೈತನ ಮಗನ ಪ್ರಾಥಮಿಕ ಶಾಲೆಗೆ ಯಾಕಿಲ್ಲ? ಮೇಲೆ ಹುಯ್ದ ವಿದ್ಯೆ ಕೆಳಕ್ಕೆ ತಾನಾಗಿ ಸೋರುತ್ತದೆ ಎಂಬ ಮಾತನ್ನು ಅವರು ನಂಬಲಿಲ್ಲ. ಸಾವಿತ್ರಿಬಾಯಿಯವರೊಡನೆ 1848ರಿಂದಲೇ ಕೆಳಗಿನಿಂದ ಶುರುಮಾಡಿದ್ದವರು ಅವರು.

2020ರಲ್ಲಿ ಒಂದನೆಯ ತರಗತಿಗೆ ಹೆಸರು ಬರೆಸಿದ ಮಗು ಹತ್ತನೆಯ ಪರೀಕ್ಷೆಗೆ ಕೂರುವುದು 2030ಕ್ಕೆ. ಅಲ್ಲಿಯವರೆಗಾದರೂ ಈ ಲೆಕ್ಕದ ಪುಸ್ತಕ ತೆರೆದಿರಬೇಕು. ಪುಸ್ತಕ ಎಲ್ಲಿದೆ? ನಿಮ್ಮ ಶಾಲೆಯ ಬೀರುವಿನಲ್ಲಿದೆ, ಮೇಷ್ಟ್ರೆ. 2019-20ರ ಹಾಜರಿ ಪುಸ್ತಕ ತೆಗೆಯಿರಿ. ಒಂದೊಂದೇ ಹೆಸರು ಹಿಡಿದು ಕೇರಿಗೆ ಹೋಗಿ. ಯಾರು ಹಿಂದಕ್ಕೆ ಬಂದರು, ಬಂದವರಲ್ಲಿ ಯಾರು ಎರಡು ಸಾಲು ಓದಬಲ್ಲರು, ಯಾರು ಬೆಂಗಳೂರಿನ ಕಟ್ಟಡದಡಿ ಇದ್ದಾರೆ, ಯಾರ ಹೆಸರಿನ ಮುಂದೆ 'ಗೈರು' ಎಂದು ಬರೆದು ಆಮೇಲೆ ಅದನ್ನೂ ಬರೆಯುವುದು ಬಿಟ್ಟಿರಿ. ಸಂಘಟನೆಯ ಹುಡುಗರು ಜೊತೆಗೆ ಬರಲಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು.

ಪಟ್ಟಿಯಲ್ಲಿ ಒಬ್ಬ ಹುಡುಗಿ ಸಿಗುತ್ತಾಳೆ. ಎಲ್ಲ ಊರಲ್ಲೂ ಸಿಗುತ್ತಾಳೆ. ಆಗ ಏಳನೆಯ ತರಗತಿ, ಈಗ ಕಂಕುಳಲ್ಲಿ ಮಗು. ವಯಸ್ಸು ದಾಟಿತು, ಕಾಯಿದೆಯ ಹದಿನಾಲ್ಕರ ಗೆರೆಯಿಂದ ಆಚೆಗೆ ಹೋದಳು, ಇನ್ನು ಇವಳಿಗೆ ಕೊಡಬೇಕಾದದ್ದು ಏನೂ ಇಲ್ಲ ಎಂದು ಕಚೇರಿಯಲ್ಲಿ ಹೇಳುತ್ತಾರೆ. ಹದಿನಾಲ್ಕು ತುಂಬಿದ್ದು ಬೀಗದ ಹೊರಗೆ ನಿಂತು ಕಾಯುತ್ತಿದ್ದಾಗ. ಅವಳ ಮಗುವಿನ ಹೆಸರನ್ನು ಅಂಗನವಾಡಿಗೆ ಬರೆದುಕೊಳ್ಳಲು ಹೋದವರು ಅದೇ ಹಾಳೆಯ ಮೇಲೆ ಅವಳ ಹೆಸರನ್ನೂ ಬರೆದುಕೊಳ್ಳಲಿ, ನಿಲ್ಲಿಸಿದ ತರಗತಿಯನ್ನೂ ಬರೆದುಕೊಳ್ಳಲಿ.